ಮಾಂತ್ರಿಕರ ಕಥೆ ನಿಲ್ಲಿಸಿದ್ದಕ್ಕೆ ಮುನಿದ ಓದುಗರು: 'ಚಂದಮಾಮ' ಧಾರಾವಾಹಿಗಳ ಹಿಂದಿದ್ದ ಹೆಸರಿಲ್ಲದ ಲೇಖಕ ಯಾರು?

ವಿಜಯವಾಡ: ಜನಪ್ರಿಯ ಫ್ಯಾಂಟಸಿ ಸರಣಿಯ ಹೊಸ ಭಾಗ ಬಿಡುಗಡೆಯಾದರೆ ಸಾಕು, ಓದುಗರು ಎರಡು ಗುಂಪಾಗುತ್ತಾರೆ. 'ಸೂಪರ್' ಎನ್ನುವವರು ಒಂದು ಕಡೆ, 'ಇದು ನಮ್ಮ ಕಥೆಯೇ ಅಲ್ಲ' ಎನ್ನುವವರು ಇನ್ನೊಂದು ಕಡೆ. ನಾಯಕನ ಸ್ವಭಾವ ಬದಲಾಯಿತು, ಲೇಖಕರು ಎಳೆದಾಡಿದರು, ನಾವು ಕಾದಿದ್ದು ಇದಕ್ಕಾ ಎಂಬ ಆಕ್ಷೇಪಗಳು ಸಾಲುಗಟ್ಟುತ್ತವೆ. ಇದೆಲ್ಲ ಮೊಬೈಲ್ ಕಾಲದ ಕಾಯಿಲೆ ಎಂದುಕೊಂಡರೆ ತಪ್ಪು. ಟಿವಿಯೂ ಇಲ್ಲದ ಕಾಲದಲ್ಲಿ, ವಿಶಾಖಪಟ್ಟಣ, ವಿಜಯವಾಡದಂಥ ಊರುಗಳಲ್ಲಿ ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ಕಾಯುತ್ತಿದ್ದ ಮಕ್ಕಳು ಹೀಗೇ ಮುನಿಸಿಕೊಂಡಿದ್ದರು. ಅವರ ಮುನಿಸಿಗೆ ಪತ್ರಿಕೆಯ ಯಜಮಾನರೇ ಮಣಿಯಬೇಕಾಯಿತು.

ಆ ಪತ್ರಿಕೆ 'ಚಂದಮಾಮ'. ಮಕ್ಕಳು ಬಿಟ್ಟುಕೊಡಲು ಒಪ್ಪದಿದ್ದ ಕಥೆಗಳನ್ನು ಬರೆಯುತ್ತಿದ್ದವರು ದಾಸರಿ ಸುಬ್ರಹ್ಮಣ್ಯಂ. ಆದರೆ ಅವರ ಹೆಸರು ಮುನಿಸಿಕೊಂಡ ಆ ಮಕ್ಕಳಲ್ಲಿ ಬಹುತೇಕ ಯಾರಿಗೂ ಗೊತ್ತಿರಲಿಲ್ಲ.

ಏನಿದು ಮಾಂತ್ರಿಕರ ಸರಣಿ?

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಸೇರಿ 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ 'ಚಂದಮಾಮ'ವನ್ನು ಆರಂಭಿಸಿದರು. ತಮಿಳಿನಲ್ಲಿ ಅದರ ಹೆಸರು 'ಅಂಬುಲಿಮಾಮ'. ಕನ್ನಡ ಆವೃತ್ತಿ ಬಂದಿದ್ದು 1949ರಲ್ಲಿ. 'ಪಾತಾಳ ಭೈರವಿ', 'ಮಾಯಾಬಜಾರ್' ಚಿತ್ರಗಳನ್ನು ನಿರ್ಮಿಸಿದ ವಿಜಯಾ ಸಂಸ್ಥೆಯ ಜೋಡಿಯೂ ಇವರೇ. ಮಾಂತ್ರಿಕರನ್ನು ತೆರೆಯ ಮೇಲೂ ಕಾಗದದ ಮೇಲೂ ಒಟ್ಟಿಗೇ ಓಡಿಸಿದರು ಎನ್ನಬಹುದು.

ದಾಸರಿ ಸುಬ್ರಹ್ಮಣ್ಯಂ ತೆನಾಲಿ ಸೀಮೆಯವರು. 1932ರಲ್ಲಿ ಹುಟ್ಟಿದ ಅವರು ಇಪ್ಪತ್ತರ ಹರೆಯದಲ್ಲೇ, ಅಂದರೆ 1952ರಲ್ಲಿ, ಮದ್ರಾಸಿನ ವಡಪಳನಿಯಲ್ಲಿದ್ದ ಚಂದಮಾಮ ಕಚೇರಿ ಸೇರಿದರು. ಎರಡು ವರ್ಷಗಳ ಬಳಿಕ, 1954ರಲ್ಲಿ ಅವರ ಮೊದಲ ಧಾರಾವಾಹಿ 'ತೋಕಚುಕ್ಕ' ಶುರುವಾಯಿತು. ಕನ್ನಡದಲ್ಲಿ ಹೇಳುವುದಾದರೆ ಬಾಲದ ಚುಕ್ಕೆ, ಧೂಮಕೇತು.

ಕುಂಡಲಿನಿ ರಾಜ್ಯದ ಆಕಾಶದಲ್ಲಿ ಧೂಮಕೇತು ಕಾಣಿಸುತ್ತದೆ. ಸೇನಾಪತಿ ಸಮರಸೇನ ಹಡಗು ಹತ್ತಿ ಹೊರಡುತ್ತಾನೆ. ಹೋಗಿ ಸಿಕ್ಕಿಕೊಳ್ಳುವುದು ಇಬ್ಬರು ಮಾಂತ್ರಿಕರ ಹಗೆತನದ ನಡುವೆ. ಒಬ್ಬ ನಾಲ್ಕು ಕಣ್ಣಿನ ಚತುರ್ನೇತ್ರ, ಇನ್ನೊಬ್ಬ ಒಂಟಿ ಕಣ್ಣಿನ ಏಕಾಕ್ಷಿ. ಚತುರ್ನೇತ್ರನ ಜತೆಗೆ ಒಂದು ಗೂಬೆ, ಒಂದು ನರವಾನರ. ಹತ್ತು ವರ್ಷದ ಓದುಗನ ನಿದ್ದೆ ಕೆಡಿಸಲು ಇನ್ನೇನು ಬೇಕು?

ಅಲ್ಲಿಂದ 1970ರ ದಶಕದ ಕೊನೆಯವರೆಗೆ ಚಂದಮಾಮದಲ್ಲಿ ಇಂಥ 12 ಧಾರಾವಾಹಿಗಳು ಬಂದವು. 'ಮಕರ ದೇವತ', 'ಮುಗ್ಗುರು ಮಾಂತ್ರಿಕುಲು' (ಮೂವರು ಮಾಂತ್ರಿಕರು), 'ಕಂಚುಕೋಟ', 'ಜ್ವಾಲಾದ್ವೀಪಂ', 'ರಾಕಾಸಿಲೋಯ' (ರಾಕ್ಷಸ ಕಣಿವೆ), 'ಪಾತಾಳ ದುರ್ಗಂ', 'ಶಿಥಿಲಾಲಯಂ', 'ರಾತಿ ರಥಂ' (ಕಲ್ಲಿನ ರಥ), 'ಯಕ್ಷ ಪರ್ವತಂ', 'ಮಾಯಾ ಸರೋವರಂ', 'ಭಲ್ಲೂಕ ಮಾಂತ್ರಿಕುಡು'. ಹೆಸರು ಓದಿದರೇ ಪುಟ ತಿರುಗಿಸಬೇಕೆನಿಸುತ್ತದೆ!

ಇವು ಒಂದೇ ಕಥೆಯ ಮುಂದುವರಿದ ಭಾಗಗಳಲ್ಲ. ಪ್ರತಿ ಧಾರಾವಾಹಿಗೂ ಬೇರೆ ನಾಯಕರು, ಬೇರೆ ರಾಜ್ಯ. ಆದರೂ ಓದುಗರು ಇವನ್ನು ಒಂದೇ ಸರಣಿಯಂತೆ ಓದಿದರು. ಅದಕ್ಕೆ ಕಾರಣವಿದೆ. ಕಾಡು, ಕಣಿವೆ, ಪಾಳುಗುಡಿ, ಅಲ್ಲೊಬ್ಬ ಮಾಂತ್ರಿಕ, ಅವನನ್ನು ಎದುರಿಸಲು ಹೊರಟ ಯುವಕರು ಎಂಬ ಚೌಕಟ್ಟು ಎಲ್ಲದರಲ್ಲೂ ಒಂದೇ. ನಾಯಕರು ಹಲವು ಕಡೆ ಜೋಡಿಯಾಗಿ ಬರುತ್ತಾರೆ. 'ಶಿಥಿಲಾಲಯಂ'ನಲ್ಲಿ ಶಿಖಿಮುಖಿ ಮತ್ತು ವಿಕ್ರಮಕೇಸರಿ, 'ಯಕ್ಷ ಪರ್ವತಂ'ನಲ್ಲಿ ಖಡ್ಗವರ್ಮ ಮತ್ತು ಜೀವದತ್ತ. ಒಬ್ಬನ ಕೈಯಲ್ಲಿ ಕತ್ತಿ ಇದ್ದರೆ ಇನ್ನೊಬ್ಬನಿಗೆ ಮಂತ್ರ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ತಿಂಗಳ ಕಂತು ಅಪಾಯದ ತುದಿಯಲ್ಲೇ ನಿಲ್ಲುತ್ತಿತ್ತು. ಮುಂದೇನಾಯಿತು ಎಂದು ತಿಳಿಯಲು ಮೂವತ್ತು ದಿನ ಕಾಯಬೇಕು.

ಹಾಗಾದರೆ ಸರಣಿ ನಿಂತಿದ್ದು ಯಾಕೆ?

ಇಲ್ಲೇ ಚಕ್ರಪಾಣಿ ಅವರ ಪ್ರವೇಶವಾಗುವುದು. 'ಯಾವಾಗಲೂ ಇದೇ ಬಗೆಯ ಕಥೆಯೇ?' ಎಂಬ ಅಸಮಾಧಾನ ಅವರಿಗೆ ಬಂತು, ಸರಣಿಯ ನಡುವೆ ಒಮ್ಮೆ ಮಾಂತ್ರಿಕರ ಕಥೆಗಳನ್ನು ನಿಲ್ಲಿಸಿ ಬಂಗಾಳಿಯ 'ದುರ್ಗೇಶನಂದಿನಿ'ಯನ್ನೂ, ಅದರ ಹಿಂದೆಯೇ 'ನವಾಬು ನಂದಿನಿ'ಯನ್ನೂ ಧಾರಾವಾಹಿಯಾಗಿ ಹಾಕಿಸಿದರು ಎಂಬುದು ದಾಸರಿ ಅವರ ಬಗ್ಗೆ ತೆಲುಗಿನಲ್ಲಿ ಬಂದಿರುವ ನೆನಪಿನ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಈ ಆಯ್ಕೆ ಆಕಸ್ಮಿಕವೇನಲ್ಲ. ತೆನಾಲಿಯವರೇ ಆದ ಚಕ್ರಪಾಣಿ ಸಿನಿಮಾಗೆ ಬರುವ ಮುನ್ನವೇ ಬಂಗಾಳಿ ಅನುವಾದಕರಾಗಿ ಹೆಸರು ಮಾಡಿದ್ದವರು. ಕ್ಷಯ ರೋಗಕ್ಕೆ ಚಿಕಿತ್ಸೆ ಪಡೆಯಲು ಮದನಪಲ್ಲಿಯ ಸ್ಯಾನಟೋರಿಯಂನಲ್ಲಿದ್ದಾಗ ಅವರು ಬಂಗಾಳಿ ಕಲಿತರು. ಶರಚ್ಚಂದ್ರರ ಕಾದಂಬರಿಗಳನ್ನು ತೆಲುಗಿಗೆ ತಂದರು. ತಾವು ಪ್ರೀತಿಸಿದ ಸಾಹಿತ್ಯವನ್ನು ಮಕ್ಕಳೂ ಓದಲಿ ಎಂದುಕೊಂಡಿದ್ದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

'ದುರ್ಗೇಶನಂದಿನಿ' ಕಡಿಮೆ ಕೃತಿಯೂ ಅಲ್ಲ. 1865ರಲ್ಲಿ ಪ್ರಕಟವಾದ ಬಂಕಿಮಚಂದ್ರರ ಈ ಐತಿಹಾಸಿಕ ಕಾದಂಬರಿ ಬಂಗಾಳಿ ಕಾದಂಬರಿ ಪರಂಪರೆಯ ಮೈಲಿಗಲ್ಲು. 19ನೇ ಶತಮಾನದಲ್ಲೇ ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೂ ತಂದಿದ್ದರು. ಮೊಗಲರು ಮತ್ತು ಪಠಾಣರ ಕಾಳಗದ ನಡುವೆ ರಜಪೂತ ಜಗತ್‌ಸಿಂಹ, ಕೋಟೆಯ ಒಡೆಯನ ಮಗಳು ತಿಲೋತ್ತಮೆ, ನವಾಬನ ಮಗಳು ಆಯೇಷಾ ಇವರ ಪ್ರೇಮದ ಕಥೆ ಅದು.

ಸ್ವಾರಸ್ಯದ ಸಂಗತಿ ಇನ್ನೊಂದಿದೆ. 'ನವಾಬು ನಂದಿನಿ' ಬಂಕಿಮಚಂದ್ರರು ಬರೆದದ್ದೇ ಅಲ್ಲ. 'ದುರ್ಗೇಶನಂದಿನಿ' ಮುಗಿದ ಮೇಲೆ ಆಯೇಷಾಳ ಕಥೆ ಏನಾಯಿತು ಎಂದು ದಾಮೋದರ ಮುಖೋಪಾಧ್ಯಾಯ ಎಂಬ ಇನ್ನೊಬ್ಬ ಲೇಖಕರು ಬರೆದ ಮುಂದುವರಿದ ಭಾಗವದು. ಇಂದಿನ ಭಾಷೆಯಲ್ಲಿ 'ಸೀಕ್ವೆಲ್'. ಅಂದರೆ, ಮೆಚ್ಚಿದ ಕಥೆ ಮುಗಿಯಬಾರದು ಎಂಬ ಹಟ ಬಂಗಾಳದಲ್ಲಿ ಆಗಲೇ ಇತ್ತು. ಮದ್ರಾಸಿನಲ್ಲಿ ಒಂದು ಸರಣಿ ನಿಲ್ಲಿಸಿ ಅದರ ಜಾಗಕ್ಕೆ ತಂದದ್ದೂ ಇನ್ನೊಂದು ಸರಣಿಯನ್ನೇ.

ಮಕ್ಕಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದುದು ನಾಲ್ಕು ಕಣ್ಣಿನವನು.

ಓದುಗರ ಸಿಟ್ಟು ವಡಪಳನಿಗೆ ತಲುಪಿದ್ದು ಹೇಗೆ?

ಮಾಸಪತ್ರಿಕೆಯ ಓದುಗ ಸಿಟ್ಟಾದರೆ ಮೊದಲು ಗೊತ್ತಾಗುವುದು ಊರಿನ ಏಜೆಂಟನಿಗೆ. ಮದ್ರಾಸಿನಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 430 ಕಿ.ಮೀ., ಅಲ್ಲಿಂದ ವಿಶಾಖಪಟ್ಟಣಕ್ಕೆ ಮತ್ತೆ 350 ಕಿ.ಮೀ. ಹೌರಾ ಕಡೆಗೆ ಹೋಗುವ ಈ ಮುಖ್ಯ ಮಾರ್ಗದ ಮೇಲೆಯೇ ಕರಾವಳಿ ಆಂಧ್ರದ ಹಲವು ದೊಡ್ಡ ಊರುಗಳು ಇವೆ. ಪತ್ರಿಕೆ ಬಂದ ದಿನ ಕಟ್ಟು ಬಿಚ್ಚುವ ಮೊದಲೇ ಅಂಗಡಿ ಮುಂದೆ ಮಕ್ಕಳು ನಿಂತಿದ್ದರೆ ಎಲ್ಲವೂ ಸರಿಯಿದೆ ಎಂದರ್ಥ. ತಿಂಗಳ ಕೊನೆಗೂ ಪ್ರತಿಗಳು ಉಳಿದರೆ ಏಜೆಂಟ್ ಮುಂದಿನ ತಿಂಗಳ ಬೇಡಿಕೆಯನ್ನು ಇಳಿಸುತ್ತಾನೆ. ಹೀಗೆ ಒಂದೊಂದು ಊರಿನಿಂದ ಇಳಿದ ಲೆಕ್ಕ ಪ್ರಧಾನ ಕಚೇರಿಯಲ್ಲಿ ಒಟ್ಟಾದಾಗ ಅದಕ್ಕೆ 'ಪ್ರಸಾರ ಕುಸಿತ' ಎಂಬ ಹೆಸರು ಬರುತ್ತದೆ.

ಎರಡನೆಯ ದಾರಿ ಅಂಚೆ. ಚಂದಮಾಮದ ಓದುಗರಿಗೆ ಪೋಸ್ಟ್‌ಕಾರ್ಡ್ ಬರೆಯುವುದು ಹೊಸತಲ್ಲ. ಪ್ರತಿ ತಿಂಗಳೂ ಎರಡು ಫೋಟೊಗಳಿಗೆ ಶೀರ್ಷಿಕೆ ಬರೆದು ಕಳಿಸುವ ಸ್ಪರ್ಧೆ ಇರುತ್ತಿತ್ತು. ಕನ್ನಡ ಆವೃತ್ತಿಯ ಹಳೆಯ ಓದುಗರಿಗೂ ಇದು ನೆನಪಿರಬಹುದು. 'ಚಂದಮಾಮ ಬಿಲ್ಡಿಂಗ್ಸ್, ವಡಪಳನಿ' ಎಂಬ ವಿಳಾಸ ಎಷ್ಟೋ ಮಕ್ಕಳಿಗೆ ಬಾಯಿಪಾಠವಾಗಿತ್ತು. ಬಹುಮಾನಕ್ಕಾಗಿ ಕಾರ್ಡು ಬರೆಯಲು ಕಲಿತವರಿಗೆ ದೂರು ಬರೆಯಲು ಹೊಸದಾಗಿ ಕಲಿಯಬೇಕಿಲ್ಲವಲ್ಲ!

ಬಂಗಾಳಿ ಧಾರಾವಾಹಿಗಳು ಬಂದ ಮೇಲೆ ಪ್ರಸಾರ ಇಳಿಯಿತು, ಮಾಂತ್ರಿಕರ ಕಥೆ ಮತ್ತೆ ಬೇಕೆಂಬ ಒತ್ತಾಯ ಬಂತು, ದಾಸರಿ ಅವರಿಂದಲೇ ಮತ್ತೆ ಬರೆಸಲಾಯಿತು ಎನ್ನುತ್ತವೆ ಆ ನೆನಪಿನ ಬರಹಗಳು. ಹೊಸ ಧಾರಾವಾಹಿ ಹಳೆಯ ದಾರಿಯಲ್ಲೇ ನಡೆಯಿತು. ಚಕ್ರಪಾಣಿ ಸೋತರು ಎನ್ನುವುದಕ್ಕಿಂತ ಲೆಕ್ಕ ಬಲ್ಲ ಪ್ರಕಾಶಕರಾಗಿ ಹಿಂದೆ ಸರಿದರು ಎನ್ನುವುದು ಸರಿಯಾದೀತು.

ಲಂಡನ್ನಿನಲ್ಲೂ ಇದೇ ಕಥೆ

ಸರಣಿಯ ಓದುಗರು ಲೇಖಕನನ್ನು ಮಣಿಸಿದ ಪ್ರಸಂಗಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಷರ್ಲಾಕ್ ಹೋಮ್ಸ್‌ನದು. ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರ್‌ನಲ್ಲಿ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ತಮ್ಮ ಪತ್ತೇದಾರನನ್ನು ಜಲಪಾತಕ್ಕೆ ಬೀಳಿಸಿ ಸಾಯಿಸಿದರು. ಸುಮಾರು 20 ಸಾವಿರ ಮಂದಿ ಚಂದಾ ರದ್ದು ಮಾಡಿದರು ಎಂಬ ಮಾತಿದೆ. 1903ರಲ್ಲಿ ಹೋಮ್ಸ್ ಬದುಕಿ ಬಂದ. ಐತಿಹಾಸಿಕ ಕಾದಂಬರಿಗಳೇ ತಮ್ಮ ನಿಜವಾದ ಸಾಧನೆ ಎಂದು ಡಾಯ್ಲ್ ನಂಬಿದ್ದರು. ಓದುಗರು ಒಪ್ಪಲಿಲ್ಲ. ಬಂಕಿಮಚಂದ್ರರ ಐತಿಹಾಸಿಕ ಕಾದಂಬರಿಯನ್ನು ಆಂಧ್ರದ ಮಕ್ಕಳು ಒಪ್ಪದಿದ್ದುದರ ಜತೆ ಇದನ್ನಿಟ್ಟು ನೋಡಿದರೆ ನಗು ಬರುತ್ತದೆ.

ಹ್ಯಾರಿ ಪಾಟರ್ ವಿಷಯದಲ್ಲಿ ಆದದ್ದು ಬೇರೆ. ನಾಲ್ಕನೇ ಪುಸ್ತಕ ಬಂದಿದ್ದು 2000ದ ಜುಲೈನಲ್ಲಿ, ಐದನೆಯದು 2003ರ ಜೂನ್‌ನಲ್ಲಿ. ಮೂರು ವರ್ಷ ಕಾದ ಓದುಗರ ಕೈಗೆ ಸಿಕ್ಕ ಹ್ಯಾರಿ ಎಲ್ಲರ ಮೇಲೂ ರೇಗುವ ಹದಿನೈದರ ಹುಡುಗನಾಗಿದ್ದ. 'ನಮ್ಮ ಹ್ಯಾರಿ ಹೀಗಿರಲಿಲ್ಲ' ಎಂಬ ದೂರು ಅಂದೇ ಹುಟ್ಟಿತು, ಇಂದಿಗೂ ನಿಂತಿಲ್ಲ. ಅಲ್ಲಿ ನಾಯಕ ಓದುಗರ ಜತೆಗೇ ಬೆಳೆದ. ಚಂದಮಾಮದ ನಾಯಕರು ಹಾಗೆ ಬೆಳೆಯುವಂತಿರಲಿಲ್ಲ, ಅವರನ್ನು ಓದಿದ ಮಕ್ಕಳು ಮಾತ್ರ ಬೆಳೆದರು. ಐದಾರು ವರ್ಷಕ್ಕೊಮ್ಮೆ ಹೊಸ ತಲೆಮಾರಿನ ಓದುಗರು ಬರುತ್ತಿದ್ದುದರಿಂದ ಒಂದೇ ಚೌಕಟ್ಟು ಇಷ್ಟು ಕಾಲ ನಡೆಯಿತು. ಚಕ್ರಪಾಣಿ ಅವರಿಗೆ ಹಳತೆನಿಸಿದ್ದು ಹತ್ತು ವರ್ಷದ ಹುಡುಗಿಗೆ ಹೊಚ್ಚ ಹೊಸದು. ಬಹುಶಃ ಅವರ ಲೆಕ್ಕ ತಪ್ಪಿದ್ದು ಇಲ್ಲೇ.

ಚಿತ್ರಕಾರರಿಗೆ ಸಹಿ ಇತ್ತು, ಲೇಖಕನಿಗೆ ಇರಲಿಲ್ಲ

ಡಾಯ್ಲ್‌ಗೆ ಬೈಯಲು ಲಂಡನ್ನಿನವರಿಗೆ ಡಾಯ್ಲ್ ಎಂಬ ಹೆಸರಿತ್ತು. ರೌಲಿಂಗ್‌ಗೆ ಪತ್ರ ಬರೆಯಬಹುದಿತ್ತು. ವಿಜಯವಾಡದ ಹುಡುಗ ಯಾರಿಗೆ ಬರೆಯಬೇಕು? ಧಾರಾವಾಹಿಯ ಮೇಲೆ ಲೇಖಕರ ಹೆಸರೇ ಇರುತ್ತಿರಲಿಲ್ಲ. ಚಂದಮಾಮದಲ್ಲಿ ಕಚೇರಿಯವರು ಬರೆದ ಕಥೆಗಳು ಪತ್ರಿಕೆಯ ಕಥೆಗಳಾಗಿಯೇ ಅಚ್ಚಾಗುತ್ತಿದ್ದವು. ಇದು ದಾಸರಿ ಒಬ್ಬರ ಪಾಡಲ್ಲ. 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆಯನ್ನು ತಿದ್ದಿ ನಡೆಸಿದ ಕೊಡವಟಿಗಂಟಿ ಕುಟುಂಬರಾವ್ ಅವರ ಕಥೆಯೂ ಇದೇ. ಅವರು ತೆಲುಗಿನ ದೊಡ್ಡ ಕಥೆಗಾರ, ಎಡಪಂಥೀಯ ಚಿಂತಕ, 1970ರಲ್ಲಿ ಆರಂಭವಾದ ವಿಪ್ಲವ ರಚಯಿತಲ ಸಂಘದ ಸ್ಥಾಪಕ ಸದಸ್ಯರಲ್ಲೊಬ್ಬರು. ಅಂಥವರು ತಿಂಗಳು ತಿಂಗಳೂ ಬೇತಾಳನ ಕಥೆಯನ್ನೂ ಅಚ್ಚಿಗೆ ಕಳಿಸುತ್ತಿದ್ದರು ಎಂಬುದು ಬಹಳ ಓದುಗರಿಗೆ ತಡವಾಗಿ ತಿಳಿಯಿತು.

ಆದರೆ ಚಿತ್ರಕಾರರ ವಿಷಯ ಹಾಗಲ್ಲ. ದಾಸರಿ ಅವರ ಮಾಂತ್ರಿಕರಿಗೆ ರೂಪ ಕೊಟ್ಟ 'ಚಿತ್ರಾ', ಅಂದರೆ ಟಿ.ವಿ. ರಾಘವನ್, ಪ್ರತಿ ಚಿತ್ರದ ಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಹೆಗಲ ಮೇಲೆ ಬೇತಾಳನನ್ನು ಹೊತ್ತ ವಿಕ್ರಮನನ್ನು ಬರೆದ 'ಶಂಕರ್' ಅವರ ಹೆಸರೂ ಹಾಗೆಯೇ ಮನೆಮಾತಾಯಿತು. ಏಕಾಕ್ಷಿಯನ್ನು ಬರೆದವರು ಯಾರು ಎಂದು ಕೇಳಿದರೆ ಮಕ್ಕಳು 'ಚಿತ್ರಾ' ಎನ್ನುತ್ತಿದ್ದರು. ಏಕಾಕ್ಷಿಯನ್ನು ಹುಟ್ಟಿಸಿದವರು ಯಾರು ಎಂದರೆ ಉತ್ತರವಿಲ್ಲ.

ಈ ವ್ಯತ್ಯಾಸಕ್ಕೆ ವಿಶಾಖಪಟ್ಟಣದ ಕಡೆಯಿಂದ ಒಂದು ಉದಾಹರಣೆ ಸಿಗುತ್ತದೆ. ಚಂದಮಾಮದ ಮುಖಪುಟಗಳಿಗೆ ಬಣ್ಣದ ಚಿತ್ರ ಬರೆದ ವಡ್ಡಾದಿ ಪಾಪಯ್ಯ ಶ್ರೀಕಾಕುಳಂನಲ್ಲಿ ಹುಟ್ಟಿದವರು. ಬದುಕಿನ ಬಹುಭಾಗ ಕಳೆದದ್ದು ಅನಕಾಪಲ್ಲಿ ಬಳಿಯ ಕಶಿಂಕೋಟದಲ್ಲಿ. ಅದು ಆಗ ವಿಶಾಖಪಟ್ಟಣ ಜಿಲ್ಲೆಯ ಊರು, 2022ರ ವಿಂಗಡಣೆಯ ನಂತರ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಪಾಪಯ್ಯ ಸಭೆ ಸಮಾರಂಭಗಳಿಂದ ದೂರವಿದ್ದವರು. ಆದರೂ 'ವಪಾ' ಎಂಬ ಎರಡಕ್ಷರದ ಸಹಿ ತೆಲುಗು ಮನೆಗಳಲ್ಲಿ ಎಷ್ಟು ಪರಿಚಿತವೆಂದರೆ, ಮುಖಪುಟಗಳನ್ನು ಕತ್ತರಿಸಿ ಚೌಕಟ್ಟು ಹಾಕಿಸಿಟ್ಟುಕೊಂಡವರಿದ್ದರು. 1992ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಹೋದದ್ದು ಯಾರು ಎಂದು ಓದುಗರಿಗೆ ಗೊತ್ತಿತ್ತು. ಜನರಿಂದ ದೂರ ಉಳಿದವರಿಗೆ ಹೆಸರಿತ್ತು, ಕಚೇರಿಯೊಳಗೇ ಐವತ್ತು ವರ್ಷ ಕೂತವರಿಗೆ ಇರಲಿಲ್ಲ.

ಹೆಸರಿಲ್ಲದ್ದರಿಂದ ಆದ ನಷ್ಟವೇನು ಎಂದು ಕೇಳಬಹುದು. ಸಂಬಳ ಬರುತ್ತಿತ್ತು, ಕಥೆ ಓದುತ್ತಿದ್ದರು. ಆದರೆ ಲೇಖಕರಿಗೆ ಓದುಗರ ಪ್ರತಿಕ್ರಿಯೆ ತಲುಪುವ ದಾರಿಯೇ ಮುಚ್ಚಿಹೋಗುತ್ತದೆ. ಮೆಚ್ಚುಗೆಯ ಕಾರ್ಡು ಬಂದರೆ ಅದು 'ಚಂದಮಾಮ'ಕ್ಕೆ, ಲೇಖಕರಿಗಲ್ಲ. ತಮ್ಮ ಬರವಣಿಗೆಯ ಬೆಲೆ ದಾಸರಿ ಅವರಿಗೆ ಸ್ಪಷ್ಟವಾಗಿ ಕಂಡದ್ದು ಅದನ್ನು ನಿಲ್ಲಿಸಿದಾಗ, ಅದೂ ಪ್ರಸಾರದ ಅಂಕಿಯ ರೂಪದಲ್ಲಿ ಎನ್ನಬೇಕಾಗುತ್ತದೆ.

ಕನ್ನಡಕ್ಕೆ ಬರುತ್ತಿದ್ದುದು ಹೇಗೆ?

ಕನ್ನಡದ ಓದುಗರು ಈ ಕಥೆಯಿಂದ ಹೊರಗಿನವರಲ್ಲ. ಕಥೆಗಳು ಮೊದಲು ತೆಲುಗಿನಲ್ಲಿ ಸಿದ್ಧವಾಗಿ ಬೇರೆ ಭಾಷೆಗಳಿಗೆ ಅನುವಾದವಾಗುತ್ತಿದ್ದವು. ಎಲ್ಲ ಆವೃತ್ತಿಗಳಿಗೂ ಚಿತ್ರ ಒಂದೇ, ಬದಲಾಗುತ್ತಿದ್ದುದು ಅಕ್ಷರ ಮಾತ್ರ. ಹಾಗಾಗಿ ವಿಶಾಖಪಟ್ಟಣದಲ್ಲಿ ಒಬ್ಬ ಹುಡುಗಿ ನೋಡಿದ ಮಾಂತ್ರಿಕನ ಮುಖವನ್ನೇ ಶಿವಮೊಗ್ಗದಲ್ಲಿ ಇನ್ನೊಬ್ಬಳು ನೋಡಿದಳು. ತೆಲುಗಿನ ಲೇಖಕರ ಹೆಸರೇ ತೆಲುಗಿನವರಿಗೆ ಗೊತ್ತಿರಲಿಲ್ಲ ಎಂದ ಮೇಲೆ, ಅದನ್ನು ಕನ್ನಡಕ್ಕೆ ತಂದವರ ಹೆಸರು ಓದುಗರಿಗೆ ತಿಳಿಯುವ ಮಾತೆಲ್ಲಿ?

ವಿಜಯವಾಡದ ಕೊನೆಯ ವರ್ಷಗಳು

ಚಂದಮಾಮ 1998ರಲ್ಲಿ ನಿಂತು, 1999ರ ಕೊನೆಗೆ ಮತ್ತೆ ಆರಂಭವಾಯಿತು. 2007ರಲ್ಲಿ ಮುಂಬೈನ ಜಿಯೋಡೆಸಿಕ್ ಕಂಪನಿಯ ಕೈ ಸೇರಿತು. ಕೆಲವೇ ವರ್ಷಗಳಲ್ಲಿ ಪೂರ್ತಿ ನಿಂತೇ ಹೋಯಿತು. ದಾಸರಿ ಸುಬ್ರಹ್ಮಣ್ಯಂ 2006ರವರೆಗೆ, ಅಂದರೆ ಸುಮಾರು 54 ವರ್ಷ ಅಲ್ಲಿದ್ದರು. ಬಳಿಕ ಮದ್ರಾಸು ಬಿಟ್ಟು ವಿಜಯವಾಡಕ್ಕೆ ಬಂದು ಬಂಧುಗಳ ಮನೆಯಲ್ಲಿ ನೆಲೆಸಿದರು.

ಓದುಗರು ಅವರನ್ನು ಹುಡುಕಿಕೊಂಡದ್ದು ಆ ಹೊತ್ತಿಗೆ. ಐವತ್ತರ, ಅರವತ್ತರ ದಶಕದಲ್ಲಿ ಆ ಕಥೆಗಳನ್ನು ಓದಿ ಬೆಳೆದು, ಡಾಕ್ಟರು, ಎಂಜಿನಿಯರು, ಬ್ಯಾಂಕ್ ನೌಕರರಾಗಿ ನಿವೃತ್ತಿಯ ಅಂಚಿನಲ್ಲಿದ್ದವರು ಹಳೆಯ ಸಂಚಿಕೆಗಳನ್ನು ಒಟ್ಟುಗೂಡಿಸತೊಡಗಿದ್ದರು. ಹರಿದ ಪುಟಗಳನ್ನು ಸ್ಕ್ಯಾನ್ ಮಾಡಿ, ಸಿಗದ ಕಂತನ್ನು ಪರಸ್ಪರ ಕೇಳಿ ಪಡೆದು ಧಾರಾವಾಹಿಗಳನ್ನು ಪೂರ್ತಿ ಮಾಡಿದರು. ಅವರಲ್ಲಿ ಕೆಲವರು ತಮ್ಮನ್ನು 'ಚಂದಮಾಮ ಪಿಚ್ಚೋಳ್ಳು', ಅಂದರೆ ಚಂದಮಾಮದ ಹುಚ್ಚರು ಎಂದೇ ಕರೆದುಕೊಂಡರು. ಈ ಹುಡುಕಾಟದಲ್ಲೇ, ಇವನ್ನೆಲ್ಲ ಬರೆದವರು ಒಬ್ಬರೇ, ಅವರು ವಿಜಯವಾಡದಲ್ಲಿದ್ದಾರೆ ಎಂಬ ಸಂಗತಿ ಹೆಚ್ಚು ಜನರಿಗೆ ತಿಳಿಯಿತು.

ಭೇಟಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. 2010ರ ಜನವರಿಯಲ್ಲಿ ದಾಸರಿ ವಿಜಯವಾಡದಲ್ಲೇ ತೀರಿಕೊಂಡರು. ಹೈದರಾಬಾದಿನ 'ರಚನ' ಮಾಸಪತ್ರಿಕೆ ಅವರ ನೆನಪಿಗೆ ವಿಶೇಷ ಸಂಚಿಕೆ ತಂದಿತು. 'ಬೊಮ್ಮರಿಲ್ಲು' ಪತ್ರಿಕೆಗೆ ಅವರು ಬರೆದಿದ್ದ 'ಮೃತ್ಯುಲೋಯ'ದಂಥ ಧಾರಾವಾಹಿಯೂ ಓದುಗರ ನೆನಪಿನಿಂದ ಹೊರಬಂತು. ಆಸುಪಾಸಿನ ವರ್ಷಗಳಲ್ಲಿ ವಾಹಿನಿ ಬುಕ್ ಟ್ರಸ್ಟ್ ಅವರ ಧಾರಾವಾಹಿಗಳನ್ನು ಪುಸ್ತಕ ರೂಪದಲ್ಲಿ ಪ್ರಕಟಿಸಿತು. ಮಾಸಪತ್ರಿಕೆಯಲ್ಲಿ ಎರಡು ವರ್ಷ ಕಾದು ಓದಬೇಕಿದ್ದ ಕಥೆಯನ್ನು ಈಗ ಒಂದು ವಾರಾಂತ್ಯದಲ್ಲಿ ಮುಗಿಸಬಹುದು. ಕಂತಿನ ಕೊನೆಯಲ್ಲಿದ್ದ 'ಇನ್ನೂ ಇದೆ' ಎಂಬ ಸಾಲು ಪುಸ್ತಕಕ್ಕೆ ಬೇಕಿಲ್ಲ. ಪತ್ರಿಕೆಯಲ್ಲಿ ಎಂದೂ ಇಲ್ಲದಿದ್ದ ಒಂದು ಸಾಲು ಮಾತ್ರ ಹೊಸದಾಗಿ ಸೇರಿದೆ: ಮುಖಪುಟದ ಮೇಲೆ, ದಾಸರಿ ಸುಬ್ರಹ್ಮಣ್ಯಂ ಎಂಬ ಹೆಸರು.